ಲಾಭ, ಎರಡು, ಮೂರು

ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಬುದವಂತಿಯ ಬುಟ್ಟಿ
ನನ್ನ ಬುಟ್ಟಿಯಿಂದ ಒಂದು ಗೇಣು ದೂರ.
ಇಪ್ಪತ್ತೇಳು ವರ್ಷದಿಂದ ಹಾಗೇ.
ಬೈತಖೋಲದಿಂದ ಒಂದೇ ಟೆಂಪೋ, ಒಂದೇ ಐಸ್ ಡಬ್ಬಿ,
ಗಿರಾಕಿಗಾಗಿ ದಿನಕ್ಕೊಂದು ಜಗಳ.

ಅವಳು ವಹಿ ಇಟ್ಟವಳಲ್ಲ.
ಕೋಡಿಬಾಗದ ನಲವತ್ತು ಮನೆಗಳ ಉದ್ರಿ ತಲೆಯಲ್ಲೇ:
ಮಾಸ್ತರ ಮನೆ, ಇಸ್ವಾಣ, ನೂರಾ ಎಂಬತ್ತು;
ಟೇಲರ್ ಹೆಂಡತಿ, ತಾರ್ಲೆ, ಅರವತ್ತು,
ಅದರಲ್ಲಿ ಹತ್ತು ಕೊಟ್ಟಾಯ್ತು.
ಬುಧವಾರ ಹುಟ್ಟಿದ್ದಕ್ಕೆ ಬುದವಂತಿ.
ಬ್ಯಾಂಕಿನವರು ಮಾತ್ರ ಬುದ್ಧಿವಂತಿ ಅಂತಲೇ ಕರೆಯುತ್ತಿದ್ದರು.

ಮೊದಲು ತಪ್ಪಿದ್ದು ಬಾಂಗಡೆಯ ಲೆಕ್ಕ.
ನೂರಕ್ಕೆ ಹತ್ತು ಅಂದವಳು ಹದಿನಾಲ್ಕು ಹಾಕಿದಳು.
ಗಿರಾಕಿ ಚೀಲ ಮಡಚಿಕೊಂಡು ಸುಮ್ಮನೆ ಹೋದ.
ನಾನೂ ಸುಮ್ಮನಿದ್ದೆ. ಬಿಸಿಲು ಅಂದುಕೊಂಡೆ.
ಆಮೇಲೆ ನೋಟಿನ ಕಟ್ಟು ಐಸಿನಡಿ ಸಿಕ್ಕಿತು.
ಒಂದೇ ಬಾಕಿ ಎರಡು ಸಲ ಕೇಳಿ
ಟೇಲರ್ ಹೆಂಡತಿಯಿಂದ ಬೈಸಿಕೊಂಡಳು.
ನಾನು ಮುಚ್ಚಿದೆ,
ಹಳಸಿದ್ದರ ಮೇಲೆ ತಾಜಾ ಮೀನು ಹರವಿದ ಹಾಗೆ.
ಚಿಲ್ಲರೆ ನಾನೇ ಎಣಿಸಿಕೊಟ್ಟೆ, ಬೆಲೆ ನಾನೇ ಕೂಗಿದೆ,
ವಯಸ್ಸಾಯ್ತಲ್ಲ ಮಾರಾಯ್ತಿ ಅಂತ ನಗಿಸಿದೆ.
ಅವಳಿಗಾಗ ಅರವತ್ತೊಂದು.

ಎರಡು ತಿಂಗಳ ಬಂದ್ ಮುಗಿದು ಬೋಟುಗಳು ಇಳಿದ ಆಗಸ್ಟಿನಲ್ಲಿ
ಮೊದಲ ಬುಟ್ಟಿ ಶೆಟ್ಲಿ ಮುಂದಿಟ್ಟುಕೊಂಡು
ನನ್ನ ಕಿವಿಯಲ್ಲಿ ಕೇಳಿದಳು:
"ಮಂಕಾಳಿ, ಇದಕ್ಕೇನಂತಾರೆ?"
ನಾಚಿಕೊಂಡು ಕೇಳಿದಳು,
ಪಕ್ಕದ ಮನೆ ಮಗುವಿನ ಹೆಸರು ಮರೆತವಳ ಹಾಗೆ.
ಅವತ್ತು ನಾನು ಏನೂ ಮಾರಲಿಲ್ಲ.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಮೂರು ಶಬ್ದ ಕೊಟ್ಟು
ಜೋಪಾನ ಇಟ್ಟುಕೊಳ್ಳಿ ಅಂದರು: ಕುರ್ಚಿ, ಮಾವು, ದೀಪ.
ಗಡಿಯಾರ ಬರೆಯಿರಿ ಅಂದರು.
ಶಾಲೆ ಕಾಣದವಳು ಪೆನ್ನನ್ನು ಮೀನಿನ ಕತ್ತಿಯಂತೆ ಹಿಡಿದಳು.
ಅವರು ಕಾಗದ ಸರಿಸಿ, ತಮ್ಮ ಪರ್ಸಿನ ನಾಣ್ಯ ಸುರಿದು
"ಹದಿನೇಳು ರೂಪಾಯಿ ಕೊಡಿ" ಅಂದರು.
ಬುದವಂತಿ ನಾಣ್ಯ ಸವರುತ್ತಲೇ ಇದ್ದಳು.
ಮೂರರಲ್ಲಿ ಮಾವು ಒಂದೇ ಉಳಿದಿತ್ತು.

"ಯಾವಾಗಿನಿಂದ?" ನನ್ನನ್ನು ಕೇಳಿದರು.
ಆರು ತಿಂಗಳು ಅಂದೆ.
ಬಾಯಿ ಒಣಗಿತು. ಎರಡು ವರ್ಷ ಅಂದೆ.
ಅವರು ಬೈಯಲಿಲ್ಲ, ಬರೆದುಕೊಂಡರು.
ಬೈದಿದ್ದರೆ ಚೆನ್ನಾಗಿತ್ತು.

ರಕ್ತ ನೋಡಿದರು, ಥೈರಾಯ್ಡ್ ನೋಡಿದರು, ತಲೆಯ ಚಿತ್ರ ತೆಗೆಸಿದರು.
ಕೆಲವರ ಮರೆವು ಗುಳಿಗೆಗೇ ಹಿಂದೆ ಸರಿಯುತ್ತದಂತೆ.
ಇದು ಅಂಥದ್ದಲ್ಲ, ಅಲ್ಝೈಮರ್.
ಪೂರ್ತಿ ವಾಸಿ ಮಾಡುವ ಮದ್ದು ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದಾರೆ.
ಹುಡುಕುವವರಿಗೆ ವರ್ಷಕ್ಕೊಮ್ಮೆ ಒಂದಿಷ್ಟು ರಕ್ತ,
ಒಂದು ಗಂಟೆ ಮಾತು ಬೇಕು, ಕೊಡ್ತೀರಾ?
ಬುದವಂತಿ ಆ ಹೊತ್ತು ಪೂರಾ ಬುದವಂತಿಯೇ ಆಗಿದ್ದಳು.
"ನನಗೇನು ಸಿಗ್ತದೆ?"
"ನಿಮಗೆ ಬಹುಶಃ ಏನೂ ಇಲ್ಲ. ಮುಂದಿನವರಿಗೆ."
"ಉದ್ರಿ ಅಂತ ಬರ್ಕೊಳ್ಳಿ" ಅಂದು
ಹೆಬ್ಬೆಟ್ಟು ಒತ್ತಿದಳು.

ಈಗ ನಾನು ಬಂದವರಿಗೆಲ್ಲ ಹೇಳುತ್ತೇನೆ.
ಅರ್ಧ ಮಂದಿ ಮೀನು ಬಿಟ್ಟು ಮುಂದಿನ ಬುಟ್ಟಿಗೆ ಹೋಗುತ್ತಾರೆ, ಹೋಗಲಿ.
ಬಾಂಗಡೆಯ ಕಿವಿರು ಎತ್ತಿ ನೋಡ್ತೀರಲ್ಲ,
ವಾಸನೆ ಬರುವ ತನಕ ಕಾಯ್ತೀರಾ?
ಅತ್ತೆ ಒಂದೇ ಮಾತು ಮೂರು ಸಲ ಕೇಳಿದರೆ
ನಗಬೇಡಿ, ಬೈಯಬೇಡಿ,
ಪ್ರೀತಿ ಅಂದುಕೊಂಡು ನನ್ನ ಹಾಗೆ ಮುಚ್ಚಲೂ ಬೇಡಿ.

ಬುದವಂತಿ ಈಗಲೂ ಬರುತ್ತಾಳೆ, ಮಗಳು ಕೂರಿಸಿ ಹೋಗುತ್ತಾಳೆ.
ಕೈ ಮರೆತಿಲ್ಲ: ಹುರುಪೆ ಹಾರಿಸುತ್ತದೆ, ಹೊಟ್ಟೆ ಸೀಳುತ್ತದೆ.
ಎಣಿಸುವುದೂ ತಾನೇ ಆಗಬೇಕು.
ನಮ್ಮಲ್ಲಿ ಒಂದು ಅನ್ನುವಂತಿಲ್ಲ,
ಮೊದಲ ಮೀನಿಗೆ ಲಾಭ ಅನ್ನಬೇಕು.
"ಲಾಭ" ಅನ್ನುತ್ತಾಳೆ, ಇಡುತ್ತಾಳೆ.
ಇನ್ನೊಂದು ಎತ್ತಿ ನಿಲ್ಲುತ್ತಾಳೆ.
ಬಾಲದಿಂದ ನೀರು ತೊಟ್ಟಿಕ್ಕುತ್ತದೆ.
"ಲಾಭ."
ಗಿರಾಕಿ ನನ್ನ ಮುಖ ನೋಡುತ್ತಾನೆ.
ನಾನು ನನ್ನ ಮೀನಿನಿಂದ ಕಣ್ಣೆತ್ತದೆ,
ಎರಡು, ಅನ್ನುತ್ತೇನೆ.